ಮಲಗಿದ್ದವರ ಹಣೆಗೆ ವಿಭೂತಿ

ಸಿಡ್ನಿಯ ಬ್ಲ್ಯಾಕ್‌ಟೌನ್‌ನ ಆ ಬಾಡಿಗೆ ಮನೆಯಲ್ಲಿ ನಾವು ಮೊದಲು ಹೆದರಿದ್ದು ಸ್ಮೋಕ್ ಅಲಾರಂಗೆ. ಎರಡು ರೂಮು, ಒಂದು ಹಾಲ್, ಹಾಲ್‌ನ ಮೂಲೆಯಲ್ಲೇ ಅಡುಗೆ. ಜೋಳದ ರೊಟ್ಟಿ ಬೇಯಬೇಕಾದರೆ ಹಂಚು ಕಾಯಬೇಕು, ಹಂಚು ಕಾದರೆ ಹೊಗೆ ಏಳಬೇಕು, ಹೊಗೆ ಎದ್ದರೆ ನೆತ್ತಿಯ ಮೇಲಿನ ಆ ಬಿಳಿ ಡಬ್ಬಿ ಬೀದಿಗೆಲ್ಲ ಕೇಳುವಂತೆ ಕಿರುಚಬೇಕು. ಹುಬ್ಬಳ್ಳಿಯಿಂದ ಬಂದ ಹೊಸತರಲ್ಲಿ ಅವ್ವ ಅದರ ಸದ್ದಿಗೆ ಒಲೆ ಆರಿಸಿ ಹೊರಗೆ ಓಡುತ್ತಿದ್ದಳು, ಪೊಲೀಸರು ಬಂದೇಬಿಟ್ಟರು ಎನ್ನುವ ಹಾಗೆ. ಕೊನೆಗೆ ಅಪ್ಪ ಒಂದು ಉಪಾಯ ಕಂಡುಕೊಂಡರು. ಅವ್ವ ಹಂಚಿಟ್ಟ ಕೂಡಲೇ ಹೆಗಲ ಮೇಲಿನ ಟವೆಲ್ ತೆಗೆದು ಅಲಾರಂ ಕೆಳಗೆ ನಿಂತು ಬೀಸುವುದು.

"ನೀ ರೊಟ್ಟಿ ಬಡಿ. ಇದನ್ನ ನಾ ನೋಡ್ಕೋತೇನಿ," ಎನ್ನುತ್ತಿದ್ದರು.

ಅಪ್ಪ ಹುಬ್ಬಳ್ಳಿಯಲ್ಲಿ ನೀರೆತ್ತುವ ಪಂಪುಗಳ ನಕ್ಷೆ ಬರೆಯುತ್ತಿದ್ದ ಎಂಜಿನಿಯರ್. ಇಲ್ಲಿಗೆ ಬಂದ ಮೇಲೆ ಒಂದು ಗೋದಾಮಿನಲ್ಲಿ ಡಬ್ಬಗಳನ್ನು ಎತ್ತಿಡುತ್ತಿದ್ದರು. ಆ ಬಗ್ಗೆ ಅವರು ಗೊಣಗಿದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಅವರೇ. ಸ್ನಾನ ಮಾಡಿ, ಬಟ್ಟೆ ಒಗೆಯುವ ಮಶೀನಿನ ಪಕ್ಕದ ಕಟ್ಟೆಯನ್ನೇ ದೇವರಮನೆ ಮಾಡಿಕೊಂಡು ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಒದ್ದೆ ಮಾಡಿ ತಿಕ್ಕಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಆಮೇಲೆ ಅದೇ ಬೆರಳುಗಳನ್ನು ಹಾಗೇ ಹಿಡಿದುಕೊಂಡು ನಾನೂ ತಮ್ಮ ಸಂಜೀವನೂ ಮಲಗಿದ್ದ ರೂಮಿಗೆ ಬರುತ್ತಿದ್ದರು. ನಿದ್ದೆಯಲ್ಲಿದ್ದ ನಮ್ಮ ಹಣೆಯ ಮೇಲೆ ಎಡದಿಂದ ಬಲಕ್ಕೆ ಮೂರು ಗೆರೆ. ಮಲಗಿದ್ದವರಿಗೆ ಹಚ್ಚಿದ ವಿಭೂತಿ ದಿನವಿಡೀ ಕಾಯುತ್ತದೆ ಎಂದು ಅವರಿಗೆ ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಒದ್ದೆ ಬೂದಿಯ ತಂಪು ಹಣೆಗೆ ತಾಗುವುದು, ಕಣ್ಣು ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅವರ ಬೆನ್ನು ಕಾಣುವುದು. ಶಾಲೆಯಲ್ಲಿ ಟೀಚರ್ ಒಬ್ಬರು ಅದನ್ನು ಧೂಳೆಂದುಕೊಂಡು ದಿನಾ ಟಿಶ್ಯೂ ಒದ್ದೆ ಮಾಡಿ ಒರೆಸುತ್ತಿದ್ದರು. ಪಾಪ, ಒಳ್ಳೆಯ ಹೆಂಗಸು.

ನನಗೆ ಹತ್ತು, ಸಂಜುವಿಗೆ ಐದೂವರೆ ಆಗಿದ್ದಾಗ ಅಪ್ಪನಿಗೆ ಮೆಲ್ಬರ್ನ್‌ನಲ್ಲಿ ಅವರದೇ ಕಸುಬಿನ ಕೆಲಸ ಸಿಕ್ಕಿತು. ಪಂಪಿನ ನಕ್ಷೆ ಬರೆಯುವ ಕೆಲಸ. ಮೂರು ತಿಂಗಳ ಕಾಂಟ್ರ್ಯಾಕ್ಟ್. ಅವ್ವ ಅಂದು ಹೋಳಿಗೆ ಮಾಡಿದ್ದಳು. ಮೊದಲ ತಿಂಗಳು ಎರಡು ಸಲ ಬಸ್ಸಿನಲ್ಲಿ ಬಂದರು, ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದರು. ಎರಡನೆಯ ತಿಂಗಳು ಬರಲಿಲ್ಲ, ಫೋನ್ ಬಂತು. ಮೂರನೆಯ ತಿಂಗಳು ಫೋನೂ ವಿರಳವಾಯಿತು. ಆಮೇಲೆ ಅದೂ ಇಲ್ಲ. ಇದ್ದಕ್ಕಿದ್ದಂತೆ ಹೋಗಿದ್ದರೆ ಅತ್ತು ಮುಗಿಸುತ್ತಿದ್ದೆವೋ ಏನೋ. ಅವರು ಸ್ವಲ್ಪ ಸ್ವಲ್ಪವೇ ಇಲ್ಲವಾದರು, ಹಾಗಾಗಿ ಯಾವ ದಿನ ಅಳಬೇಕೆಂಬುದು ನಮಗೆ ಗೊತ್ತಾಗಲಿಲ್ಲ.

ಅವ್ವ ಇದನ್ನು ಯಾರಿಗೂ ಹೇಳಲಿಲ್ಲ. ಕನ್ನಡದವರೆಲ್ಲ ಹಬ್ಬಕ್ಕೆಂದು ಒಂದು ಹಾಲ್ ಬುಕ್ ಮಾಡಿ ಸೇರುತ್ತಿದ್ದರು. ಅಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಯಾರಾದರೊಬ್ಬ ಆಂಟಿ ಕೇಳಿಯೇ ಕೇಳುತ್ತಿದ್ದರು.

"ಏನ್ರೀ, ನಿಮ್ಮೋರು ಈ ಸಲಾನೂ ಬರ್ಲಿಲ್ವಾ?"

"ಕಾಂಟ್ರ್ಯಾಕ್ಟ್ ಎಕ್ಸ್‌ಟೆಂಡ್ ಆಗೇತ್ರಿ. ಮೆಲ್ಬರ್ನ್‌ನವರು ಬಿಡವೊಲ್ರು ಅವರನ್ನ," ಎನ್ನುತ್ತಿದ್ದಳು ಅವ್ವ, ತಟ್ಟೆ ಮುಂದೆ ಹಿಡಿಯುತ್ತ.

ಮಾನದ ಪ್ರಶ್ನೆ ಒಂದು ಕಡೆ, ಭಯ ಇನ್ನೊಂದು ಕಡೆ. ಅವ್ವ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಆರಕ್ಕೆಲ್ಲ ಅಲ್ಲಿರಬೇಕು, ಐದೂವರೆಗೆ ಮನೆ ಬಿಡಬೇಕು. ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಟ್ಟುಹೋದರೆ ಸರ್ಕಾರದವರು ಮಕ್ಕಳನ್ನು ಒಯ್ಯುತ್ತಾರೆಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಅಪ್ಪ ಇರಲೇಬೇಕಾಗಿತ್ತು. ಅವರ ಬೂಟು ಬಾಗಿಲ ಹೊರಗೇ ಇರುತ್ತಿತ್ತು. ಹಿಂದಿನ ಮನೆಯ ಕಿಟಕಿಗೆ ಕಾಣುವಂತೆ ಹಿತ್ತಲ ತಂತಿಯ ಮೇಲೆ ವಾರಕ್ಕೆ ಎರಡು ಅಂಗಿ ಒಣಗುತ್ತಿದ್ದವು. ಯಾರೂ ತೊಡದ ಆ ಅಂಗಿಗಳು ಒಗೆದು ಒಗೆದೇ ಬಣ್ಣಗೆಟ್ಟವು. ಯಾರಾದರೂ ಬಾಗಿಲು ಬಡಿದರೆ ನಾನು ಸರಪಳಿ ತೆಗೆಯದೆ ಹೇಳಬೇಕಾದ ಮಾತನ್ನು ಅವ್ವ ಕಲಿಸಿಕೊಟ್ಟಿದ್ದಳು.

"ಅಪ್ಪ ಒಳಗ ಮಲಗ್ಯಾರ ಅನ್ನು. ಇಂಗ್ಲೀಷ್‌ನ್ಯಾಗ ಅನ್ನು. ಮೆಲ್ಲಗ ಅನ್ನು, ನಿದ್ದಿ ಕೆಡತೈತಿ ಅನ್ನೂವಂಗ."

ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ, ಹೇಳಿ ಬಾಗಿಲು ಹಾಕಿದ ಮೇಲೂ ತುದಿಗಾಲಲ್ಲೇ ನಡೆಯುತ್ತಿದ್ದೆ. ಅಪ್ಪ–ಅವ್ವನ ರೂಮಿನ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ನನಗೆ ಗೊತ್ತು. ಆದರೂ ಅದರ ಮುಂದೆ ಟಿವಿ ಸದ್ದು ಕಡಿಮೆ ಮಾಡುತ್ತಿದ್ದೆ. ಸತ್ತವರು ಮನೆಯಲ್ಲಿ ಓಡಾಡುತ್ತಾರೆ ಎಂಬ ಕಥೆಗಳನ್ನು ಎಲ್ಲರೂ ಕೇಳಿರುತ್ತಾರೆ. ನಮ್ಮ ಮನೆಯಲ್ಲಿ ಓಡಾಡುತ್ತಿದ್ದವರು ಬದುಕಿದ್ದರು.

ಸಂಜುವಿಗೆ ಮಾತ್ರ ಇದು ಯಾವುದೂ ನಾಟಕವೆಂದು ಗೊತ್ತಿರಲಿಲ್ಲ. ಅಪ್ಪ ಬಂದೇ ಬರುತ್ತಾರೆಂದು ಅವನು ನಂಬಿದ್ದ. ಶನಿವಾರ ಎದ್ದವನೇ ಹೊರಗೆ ಮೆಟ್ಟಿಲ ಮೇಲೆ ಬೂಟಿನ ಪಕ್ಕ ಹೋಗಿ ಕೂರುತ್ತಿದ್ದ. ಮೊದಲು ಶನಿವಾರದ ಊಟ ಬಿಟ್ಟ. ಆಮೇಲೆ ಶಾಲೆಗೆ ಕೊಟ್ಟ ಡಬ್ಬಿ ಹಾಗೇ ವಾಪಸು ಬರತೊಡಗಿತು. ಟೀಚರ್ ಚೀಟಿ ಕಳಿಸಿದರು. ಅವ್ವ ಗದರಿದಳು, ಮುದ್ದು ಮಾಡಿದಳು, ಒಂದು ದಿನ ತಡೆಯಲಾಗದೆ ಹೊಡೆದಳು. ಅವನದೊಂದೇ ಮಾತು.

"ಅಪ್ಪ ಬಂದ ಮ್ಯಾಲ ಉಣ್ತೇನಿ."

ಒಂದು ಶನಿವಾರ ಅವ್ವ ಕೆಲಸಕ್ಕೆ ಹೋದ ಮೇಲೆ ನಾನು ಎದ್ದೆ. ಯೋಚಿಸಿ ಮಾಡಿದ್ದಲ್ಲ, ಎದ್ದ ಮೇಲೆ ಕೈಯೇ ಮಾಡಿಕೊಂಡು ಹೋಯಿತು. ಚಹಾ ಕಾಸಿದೆ. ಅಪ್ಪ ಕುಡಿಯುತ್ತಿದ್ದ ಹಾಗೆ ಕಪ್ಪಿನಿಂದ ಬಸಿಗೆ ಸುರಿದು ಅರ್ಧ ಕುಡಿದು ಅರ್ಧ ಬಿಟ್ಟೆ. ಅವರ ಟವೆಲ್ ನೀರಿಗೆ ಅದ್ದಿ ಹಿಂಡಿ ಬಾತ್‌ರೂಮಿನ ಸರಳಿಗೆ ಹಾಕಿದೆ. ಹೊರಗಿದ್ದ ಬೂಟನ್ನು ಒಂದು ಗೇಣು ಸರಿಸಿಟ್ಟೆ. ಆಮೇಲೆ ವಿಭೂತಿ ಗಟ್ಟಿಯ ಮೇಲೆ ಎರಡು ಹನಿ ನೀರು ಹಾಕಿ ಮೂರು ಬೆರಳಿನಿಂದ ತಿಕ್ಕಿದೆ. ಸಂಜು ಬಾಯಿ ತೆರೆದು ಮಲಗಿದ್ದ. ಅವನ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದೆ. ನನ್ನ ಬೆರಳು ಸಣ್ಣವು, ಹಾಗಾಗಿ ಎರಡು ಸಲ ಎಳೆಯಬೇಕಾಯಿತು. ವಾಪಸು ಹಾಸಿಗೆಗೆ ಹೋದ ಮೇಲೆ ನೆನಪಾಯಿತು, ಅಪ್ಪ ಬಂದಿದ್ದರೆ ಇಬ್ಬರಿಗೂ ಹಚ್ಚುತ್ತಿದ್ದರು. ಎದ್ದು ಹೋಗಿ ನನ್ನ ಹಣೆಗೆ ನಾನೇ ಹಚ್ಚಿಕೊಂಡೆ. ಕನ್ನಡಿ ನೋಡಿಕೊಳ್ಳಲು ಮನಸ್ಸಾಗಲಿಲ್ಲ.

ಅವನು ಎದ್ದು ಹಣೆ ಮುಟ್ಟಿಕೊಂಡ. ಬೆರಳ ತುದಿ ನೋಡಿದ.

"ಅಪ್ಪ ಬಂದಿದ್ರೇನು?"

"ಬಂದಿದ್ರು. ಕೆಲಸ ಐತಂತ, ಹೋದ್ರು. ನೀ ಮಲಗಿದ್ದೆಲ್ಲ, ಎಬ್ಬಸಬ್ಯಾಡ ಅಂದ್ರು."

ಅವನು ಬಾತ್‌ರೂಮಿಗೆ ಹೋಗಿ ಟವೆಲ್ ಮುಟ್ಟಿ ಬಂದ. ಬಸಿಯಲ್ಲಿ ಕೆನೆಗಟ್ಟಿದ್ದ ಚಹಾ ನೋಡಿದ. ಬಾಗಿಲು ತೆರೆದು ಬೂಟು ನೋಡಿದ. ಆಮೇಲೆ ಕೂತು ಎರಡು ಚಪಾತಿ ತಿಂದ, ಮೂರನೆಯದಕ್ಕೆ ಕೈ ಚಾಚಿದ. ಅವನು ತಿನ್ನುವುದನ್ನು ನೋಡುತ್ತ ನನಗೆ ಎಷ್ಟು ಸಂತೋಷವಾಯಿತೆಂದರೆ ಇದು ಸುಳ್ಳೆಂಬುದೇ ಮರೆತುಹೋಯಿತು.

ಹದಿನೈದು ದಿನಕ್ಕೊಮ್ಮೆ, ಹತ್ತಿರ ಹತ್ತಿರ ಎರಡು ವರ್ಷ, ನಾನು ಅಪ್ಪನನ್ನು ಮನೆಗೆ ಕರೆತಂದೆ. ಅವ್ವನಿಗೆ ಎರಡನೆಯ ಸಲಕ್ಕೇ ಗೊತ್ತಾಗಿರಬೇಕು. ಮಧ್ಯಾಹ್ನ ಕೆಲಸದಿಂದ ಬಂದವಳು ಒದ್ದೆ ಟವೆಲ್ ಹಿಡಿದುಕೊಂಡು ಬಾತ್‌ರೂಮಿನಲ್ಲಿ ಸುಮಾರು ಹೊತ್ತು ನಿಂತಿದ್ದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಟವೆಲ್ ಒಗೆದು, ಒಣಗಿಸಿ, ಮಡಿಸಿ, ಮುಂದಿನ ಶುಕ್ರವಾರ ನನ್ನ ಕೈಗೆಟಕುವ ಕಟ್ಟೆಯ ಮೇಲೆ ಇಟ್ಟಿದ್ದಳು. ವಿಭೂತಿ ಗಟ್ಟಿ ಸವೆದಾಗ ಹೊಸದೊಂದು ಬಂದು ಕೂತಿತು. ಈ ವಿಷಯವಾಗಿ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಮಾತಾಡಿದ್ದರೆ ಇಬ್ಬರಲ್ಲೊಬ್ಬರು ಅದನ್ನು ನಿಲ್ಲಿಸಬೇಕಾಗುತ್ತಿತ್ತು.

ಬೇರೆಯವರಿಗೆ ದೆವ್ವ ಕಟ್ಟಿಕೊಟ್ಟವನಿಗೆ ಅದರ ಭಯವಿರುವುದಿಲ್ಲ ಎಂದುಕೊಳ್ಳಬೇಡಿ. ಚಹಾ ಬಸಿಗೆ ಸುರಿಯುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಯಾರೂ ಇರುವುದಿಲ್ಲ ಎಂಬುದೇ ಭಯ. ವಿಭೂತಿ ಹಚ್ಚಿಕೊಂಡು ಮಲಗಿ, ಕಣ್ಣು ಮುಚ್ಚಿ, ಇದು ನನ್ನ ಕೈಯಲ್ಲ ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟೆ. ಸಂಜುವಿಗೆ ಆಗುತ್ತಿದ್ದದ್ದು ನನಗೆ ಆಗಲಿಲ್ಲ. ತಮ್ಮನ ಮೇಲೆ ಆಗ ನನಗೆ ಬಂದ ಹೊಟ್ಟೆಕಿಚ್ಚನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಅವನಿಗೆ ಒಬ್ಬ ಅಪ್ಪ ಇದ್ದರು. ನನಗೆ ಶನಿವಾರದ ಕೆಲಸ ಇತ್ತು.

ಹನ್ನೆರಡು ತುಂಬಿದ ವರ್ಷ ಯುಗಾದಿಗೆಂದು ಸೇರಿದ್ದ ಹಾಲ್‌ನಲ್ಲಿ ನಾನು ಕುರ್ಚಿ ಜೋಡಿಸುತ್ತಿದ್ದೆ. ಪರದೆಯ ಆಚೆ ಇಬ್ಬರು ಆಂಟಿಯರು ಮಾತಾಡುತ್ತಿದ್ದರು.

"ಅಲ್ಲೇ ಮೆಲ್ಬರ್ನಲ್ಲಿ ಇನ್ನೊಂದು ಸಂಸಾರ ಮಾಡ್ಕೊಂಡಿದಾರಂತೆ ಕಣ್ರೀ. ಪಾಪ, ಈಯಮ್ಮ ಎಕ್ಸ್‌ಟೆಂಡ್ ಎಕ್ಸ್‌ಟೆಂಡ್ ಅಂತಾನೇ ಇದಾರೆ."

ಆ ಶನಿವಾರ ನಾನು ಏಳಲಿಲ್ಲ. ಮುಂದಿನದಕ್ಕೂ ಏಳಲಿಲ್ಲ. ಅಪ್ಪನನ್ನು ಕಂಪನಿಯವರು ದೂರ ಕಳಿಸಿದ್ದಾರೆಂದು ಸಂಜುವಿಗೆ ಹೇಳಿದೆ. ಅಷ್ಟು ಹೊತ್ತಿಗೆ ಅವನಿಗೆ ಶಾಲೆ, ಫುಟ್‌ಬಾಲು, ಗೆಳೆಯರು ಎಲ್ಲ ಇದ್ದರು. ಅವನು ಹೆಚ್ಚು ಕೇಳಲಿಲ್ಲ. ದೊಡ್ಡವನಾದ ಮೇಲೆ ಅವನಿಗೂ ಆ ಇನ್ನೊಂದು ಸಂಸಾರದ ವಿಷಯ ತಿಳಿಯಿತು. ಆದರೆ ಅವನ ಲೆಕ್ಕಾಚಾರವೇ ಬೇರೆಯಾಗಿತ್ತು. ಅಪ್ಪ ಎರಡು ವರ್ಷ ಪೂರ್ತಿ ಬರುತ್ತಲೇ ಇದ್ದರು, ಮಕ್ಕಳನ್ನು ಬಿಡಲಾಗದೆ ಕದ್ದು ಬಂದು ಹಣೆ ಮುಟ್ಟಿ ಹೋಗುತ್ತಿದ್ದರು, ಅವ್ವನೇ ಒಂದು ಮಾತು ಇರಿ ಎನ್ನಲಿಲ್ಲ. ಇದು ಅವನ ನಂಬಿಕೆ. ಹದಿನೇಳು ವರ್ಷದವನಿದ್ದಾಗ ಇದನ್ನು ಅವ್ವನ ಮುಖಕ್ಕೇ ಅಂದ. ಅವ್ವ ನನ್ನನ್ನು ಒಮ್ಮೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳು ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದಳು. ಅಂದಿನಿಂದ ಸಂಜು ಅವಳೊಡನೆ ಬಿಗುವಾಗಿಯೇ ಉಳಿದ, ಫೋನಿನಲ್ಲೂ ಎರಡು ಮಾತು, ಹಬ್ಬಕ್ಕೂ ಎರಡು ದಿನ. ಒಂದು ಸುಳ್ಳಿನಿಂದ ತಮ್ಮನಿಗೆ ಅನ್ನ ಉಣಿಸಿದೆ, ಅದೇ ಸುಳ್ಳಿನಿಂದ ಅವ್ವನ ಮಗನನ್ನು ಕಿತ್ತುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ನಾನು, ಉಂಡವಳು ಅವ್ವ.

ಸಂಜು ಓದಲು ಆರಿಸಿಕೊಂಡದ್ದು ಮೆಲ್ಬರ್ನ್. ಸಿಡ್ನಿಯಲ್ಲಿ ಸೀಟು ಸಿಕ್ಕಿದ್ದರೂ ಮೆಲ್ಬರ್ನಿನ ಕ್ಲೇಟನ್‌ಗೆ ಹೋದ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ನರೆತ ಕೂದಲಿನ ಇಂಡಿಯನ್ನರು ಯಾರು ಹತ್ತಿದರೂ ಮುಖ ನೋಡುತ್ತೇನೆ ಎಂದು ಒಮ್ಮೆ ಅವನೇ ಅಂದದ್ದುಂಟು. ಅಲ್ಲೇ ಕೆಲಸ ಸಿಕ್ಕಿತು, ಮೈಸೂರಿನ ಅನಿತಾಳನ್ನು ಮದುವೆಯಾದ, ನಿಹಾಲ್ ಹುಟ್ಟಿದ. ನಾನು ಸಿಡ್ನಿಯಲ್ಲೇ ಉಳಿದೆ. ಚಾಟ್ಸ್‌ವುಡ್‌ನ ಆಫೀಸಿಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತೇನೆ, ಮಗಳ ಟಿಫನ್ನು, ಹೆಂಡತಿಯ ಕಾರಿನ ಸರ್ವೀಸು, ಅವ್ವನ ಮಾತ್ರೆ ಎಲ್ಲ ನನ್ನದೇ. ಒಮ್ಮೆ ಹೆಂಡತಿ, "ನೀವು ಮನೇಲಿ ಇರಲ್ಲ ಕಣ್ರೀ, ಡ್ಯೂಟಿ ಮಾಡ್ತೀರ," ಅಂದಳು. ತಮಾಷೆಗೆ ಅಂದಿರಬಹುದು. ಆ ದಿನವೆಲ್ಲ ನನಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.

ಹೋದ ವರ್ಷ ಒಂದು ಗುರುವಾರ ಆಫೀಸಿನಲ್ಲಿದ್ದಾಗ ಅನಿತಾ ಫೋನ್ ಮಾಡಿದಳು.

"ಭಾವ, ಇವ್ರು ಪರ್ತ್ ಕಡೆ ಒಂದು ಮೈನ್‌ನಲ್ಲಿ ಕೆಲಸಕ್ಕೆ ಸೇರ್ತಾರಂತೆ. ಮೂರು ವಾರ ಅಲ್ಲಿ, ಒಂದು ವಾರ ಇಲ್ಲಿ. ದುಡ್ಡಿಗಲ್ಲ, ಇಲ್ಲಿನ ಕೆಲಸ ಚೆನ್ನಾಗೇ ಇದೆ. ನಿಹಾಲ್‌ಗೆ ಆರು ವರ್ಷ. ಕೇಳಿದ್ರೆ, ನಮ್ಮಪ್ಪ ಹಂಗೇ ಇದ್ರು, ನಾನು ಬೆಳೀಲಿಲ್ವಾ ಅಂತಾರೆ. ನೀವು ಒಂದ್ಸಲ ಬಂದು ಮಾತಾಡಿ. ನಿಮ್ಮ ಮಾತು ಮೀರಲ್ಲ."

ನಮ್ಮಪ್ಪ ಹಂಗೇ ಇದ್ರು. ಅವನು ಹೇಳುತ್ತಿದ್ದ ಆ ಅಪ್ಪ ನಾನು.

ಶನಿವಾರ ಬೆಳಗಿನ ವಿಮಾನಕ್ಕೆ ಹೋದೆ. ಅನಿತಾ ಮಗುವನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು, ಬೇಕೆಂದೇ. ಸಂಜು ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆ ಮಾಡಿ ಮುಂದಿಟ್ಟ.

"ಯಾಕ ಬಂದೀಯಂತ ಗೊತ್ತೈತಿ ಅಣ್ಣಾ. ಅನಿತಾ ಹೇಳ್ಯಾಳ."

"ಹೋಗಬ್ಯಾಡಪ್ಪಾ. ಹುಡುಗ ಇನ್ನೂ ಸಣ್ಣಾಂವ."

"ಅಪ್ಪ ಹದಿನೈದ ದಿನಕ್ಕೊಮ್ಮಿ ಬಂದು ಬೆಳಗಾಗೂದ್ರಾಗ ಹೋಗ್ತಿದ್ರು. ಒಂದ ಮಾತೂ ಆಡ್ತಿದ್ದಿಲ್ಲ. ಆದ್ರೂ ಹಣಿ ಮುಟ್ಟಿ ನೋಡಿಕೊಂಡ್ರ ಸಾಕು, ನನಗ ದಿನಾ ಪೂರ್ತಿ ಧೈರ್ಯ ಇರ್ತಿತ್ತು. ನಾ ಅಂತೂ ಒಂದ ವಾರ ಇರ್ತೇನಿ. ಅವರಗಿಂತ ಹೆಚ್ಚಾತಲ್ಲ."

"ಇಲ್ಲೇ ಇದ್ರ ಏನಾಗೈತಿ ನಿನಗ?"

ಅವನು ಚಮಚದಿಂದ ಅವಲಕ್ಕಿ ಕೆದಕುತ್ತ ಕೂತ. ಆಮೇಲೆ ಮೆಲ್ಲಗೆ ಹೇಳಿದ.

"ಸಂಜಿಮುಂದ ಮನಿಗೆ ಬರ್ತೇನಿ. ನಿಹಾಲ್ ಓಡಿ ಬಂದು ಎದುರಿಗೆ ನಿಂತು ನನ್ನ ಮಾರಿ ನೋಡ್ತಾನ. ಮುಂದ ಏನ ಮಾಡಬೇಕೋ ನನಗ ತಿಳಿಯೂದಿಲ್ಲ. ಅಂವ ಮಲಗಿದ ಮ್ಯಾಲ ಹೋಗಿ ಹಣಿ ಮುಟ್ಟತೇನಿ, ಅದೊಂದು ಗೊತ್ತು. ಎಚ್ಚರಿದ್ದ ಹುಡುಗನ ಜೋಡಿ ಅಪ್ಪ ಆದಾಂವ ಏನ ಮಾಡ್ತಾನ ಅನ್ನೂದು ನಾ ನೋಡೇ ಇಲ್ಲ ಅಣ್ಣಾ."

ಇನ್ನು ಸುಮ್ಮನಿದ್ದರೆ ನನ್ನ ಸುಳ್ಳು ಇನ್ನೊಂದು ಹುಡುಗನ ತಲೆಯ ಮೇಲೆ ಹೋಗಿ ಕೂರುತ್ತದೆ. ಹೇಳಿದರೆ ಇವನಿಗಿದ್ದ ಒಬ್ಬನೇ ಅಪ್ಪನನ್ನು ಕೊಂದ ಹಾಗೆ. ಮೂವತ್ತಕ್ಕೂ ಹೆಚ್ಚು ವರ್ಷ ಬಚ್ಚಿಟ್ಟದ್ದನ್ನು ಹೇಳಲು ಹೆಚ್ಚು ಮಾತು ಬೇಕಾಗಲಿಲ್ಲ.

"ಅವರು ಬರ್ತಿದ್ದಿಲ್ಲ ಸಂಜು. ವಿಭೂತಿ ಹಚ್ಚತಿದ್ದಾಂವ ನಾನು."

"ಏನರೆ ಕಥಿ ಕಟ್ಟಬ್ಯಾಡ. ನಾ ಹೋಗಬಾರ್ದಂತ ಹಿಂಗ ಹೇಳ್ತೀ."

ಬಸಿಯ ಚಹಾ, ಟವೆಲ್, ಒಂದು ಗೇಣು ಸರಿಸಿದ ಬೂಟು, ಎಲ್ಲ ಹೇಳಿದೆ. ಅವ್ವ ಯಾಕೆ ಇರಿ ಎನ್ನಲಿಲ್ಲ ಎಂ‍ಬುದಕ್ಕೆ, ಇರಿ ಎನ್ನಲು ಅಲ್ಲಿ ಯಾರೂ ಬಂದೇ ಇರಲಿಲ್ಲ ಎಂದೆ. ಹೇಳುತ್ತ ಹೋದಂತೆ ಅವನ ಮುಖದಲ್ಲಿ ಆ ಐದೂವರೆ ವರ್ಷದ ಹುಡುಗ ಕಾಣತೊಡಗಿದ. ನನಗೆ ನೋಡಲಾಗಲಿಲ್ಲ, ಮೇಜಿನ ಕಡೆ ನೋಡುತ್ತ ಮುಗಿಸಿದೆ.

"ಆವಾಗ ನಿನಗೆಷ್ಟು ವಯಸ್ಸು?"

"ಹತ್ತು."

ಅವನು ಎದ್ದು ಸಿಂಕಿನ ನಲ್ಲಿ ತಿರುವಿದ, ಕೈ ತೊಳೆಯದೆ ಮತ್ತೆ ನಿಲ್ಲಿಸಿದ. ನನಗೆ ಬೆನ್ನು ಹಾಕಿಯೇ ಹೇಳಿದ.

"ಎಲ್ಲಾ ನೀನ ಮಾಡಿರಬಹುದು. ಆದ್ರ ಒಂದ ದಿನ ನಾ ಅವರನ್ನ ನೋಡೇನಿ. ಕಣ್ಣ ತೆರೆದ್ರ ನನ್ನ ಕಾಲ ಹಂತೇಕ ಕುಂತಿದ್ರು. ನನ್ನ ಪಾದ ಹಿಡಕೊಂಡಿದ್ರು. ಬಾಯಿಮ್ಯಾಲ ಬೆರಳ ಇಟ್ಟು, ಮಾತಾಡಬ್ಯಾಡ ಅಂದ್ರು. ನಾ ಮತ್ತ ಮಲಗಿದೆ. ನೀ ನನ್ನ ಪಾದ ಹಿಡಕೊಂಡು ಕುಂತಿದ್ದೇನು?"

ಇಲ್ಲ. ನಾನು ಎಂದೂ ಅವನ ಹಾಸಿಗೆಯ ಮೇಲೆ ಕೂತವನಲ್ಲ. ಎಚ್ಚರವಾದರೆ ಸಿಕ್ಕಿಬೀಳುತ್ತೇನೆಂದು ಹಚ್ಚಿದವನೇ ಓಡುತ್ತಿದ್ದೆ. ಕನಸಿರಬೇಕು ಎನ್ನಲು ಹೊರಟೆ. ಅಷ್ಟರಲ್ಲಿ ಸಂಜು ಫೋನ್ ತೆಗೆದು ಅವ್ವನ ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದ. ಬ್ಲ್ಯಾಕ್‌ಟೌನ್‌ನ ಅವಳ ಸಣ್ಣ ಯೂನಿಟ್ಟಿನಲ್ಲಿ ಟಿವಿ ಓಡುತ್ತಿರುವುದು ಕೇಳಿಸಿತು.

"ಅವ್ವಾ, ಅಣ್ಣ ಇಲ್ಲೇ ಅದಾನ. ಎಲ್ಲಾ ಹೇಳ್ಯಾನ. ಒಂದ ಕೇಳ್ತೇನಿ. ಅಪ್ಪ ಹೋದ ಮ್ಯಾಲ ಒಮ್ಮೆರೆ ಮನಿಗೆ ಬಂದಿದ್ರೇನು?"

ಟಿವಿಯ ಸದ್ದು ನಿಂತಿತು.

"ಬಂದಿದ್ರು. ಒಮ್ಮಿ. ಟ್ರಂಕಿನ್ಯಾಗ ಅವರ ಡಿಗ್ರಿ ಸರ್ಟಿಫಿಕೇಟ್ ಇದ್ದುವು, ಒಯ್ಯಾಕ ಬಂದಿದ್ರು. ನಾ ಕೆಲಸಕ್ಕ ಹೊಂಟಾಗ ಬಾಗಲದಾಗ ನಿಂತಿದ್ರು."

"ನನ್ನ ಹಂತೇಕ ಕುಂತಿದ್ರಲ್ಲ?"

"ಕುಂತಿದ್ರು. ನಿನ್ನ ಕಾಲ ಹಿಡಕೊಂಡು ಅತ್ರು. ವಿಭೂತಿ ಹಚ್ಚಿದ್ರು. ಆಮ್ಯಾಲ ಚೀಲಾ ತಗೊಂಡು ಹೋದ್ರು."

"ಇರ್ರಿ ಅನ್ನಲಿಲ್ಲೇನವ್ವಾ ನೀ?"

"ಇಲ್ಲ. ಇನ್ನ ಬರಬ್ಯಾಡ್ರಿ ಅಂದೆ."

ಸಂಜು ಮೇಜಿನ ಅಂಚು ಹಿಡಿದ. ಅವ್ವನ ದನಿ ಏರಲಿಲ್ಲ, ಅಕ್ಕಿ ಆರಿಸುತ್ತ ಮಾತಾಡುವವಳ ಹಾಗೆ ಹೇಳುತ್ತ ಹೋದಳು.

"ಇರ್ತೇನಿ ಅಂದಿದ್ರ ಬಾಗಲಾ ತೆರದ ಇತ್ತು ತಮ್ಮಾ. ಅವರು ಇರಾಕ ಬಂದಿದ್ದಿಲ್ಲ. ನಾ ಬಿಟ್ಟಿದ್ರ ಹಿಂಗ ಒಮ್ಮೊಮ್ಮೆ ಬಂದು, ನಿಮ್ಮ ಕಾಲ ಹಿಡದು ಅತ್ತು, ಹಗುರಾಗಿ ಹೋಗ್ತಿದ್ರು. ಅವರೇನೋ ಹಗುರಾಗ್ತಾರ. ಆಮ್ಯಾಲ ನಿಮ್ಮನ್ನ ಸುಧಾರಸೂದು ಯಾರು? ಉಣ್ಣಲಾರದ ಕುಂತಾಂವಗ ಉಣ್ಣಸೂದು ಯಾರು? ಬಂದ್ರ ಇರಬೇಕು. ಇಲ್ಲಂದ್ರ ಬರಬಾರದು."

ಸಂಜು ಕುರ್ಚಿ ಎಳೆದುಕೊಂಡು ಕೂತ. ಅವನ ಬಾಯಿಂದ ಅವ್ವಾ ಎಂಬುದೊಂದೇ ಬಂತು, ಅದೂ ಹದಿನೇಳರ ಆ ಜಗಳಕ್ಕೆ ಮುಂಚಿನ ದನಿಯಲ್ಲಿ. ನಾನು ಅವನನ್ನು ಸಮಾಧಾನ ಮಾಡಬೇಕಾಗಿತ್ತು, ಅದು ನನ್ನ ಕೆಲಸ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಆ ರೂಮಿನಲ್ಲಿ ಎರಡು ಹಾಸಿಗೆಗಳಿದ್ದವು. ಎರಡರ ನಡುವೆ ಒಬ್ಬರು ಓಡಾಡುವಷ್ಟು ಜಾಗ.

"ನನಗ, ಅವ್ವಾ?" ಅಂದೆ. "ನನಗ ಹಚ್ಚಲಿಲ್ಲೇನು ಅವರು?"

ಆ ಕಡೆ ಅವ್ವ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ನಿನಗೂ ಹಚ್ಚಿದ್ರು. ಅವರು ಹೋದ ಮ್ಯಾಲ ನಾ ಒರಸಿದೆ."

"ಯಾಕ?"

"ಸಂಜೂಗ ಅದು ಹೊಸಾದೇನಲ್ಲ, ಅವತ್ತು ಶನಿವಾರ, ನಸುಕಿನ್ಯಾಗ ಅದರ ಮ್ಯಾಲನ ನೀ ಹಚ್ಚಾಂವ ಇದ್ದಿ. ನಿನಗ ಯಾರ ಹಚ್ಚತಿದ್ರು? ಎದ್ದು ಹಣಿ ಮುಟ್ಟಿಕೊಂಡಿದ್ರ ನಿನಗ ಗೊತ್ತಾಗತಿತ್ತು. ನೀ ಸ್ಟೇಷನ್ ತನಾ ಓಡತಿದ್ದಿ."

"ಹಂಗಿದ್ರ ಅವರಿದ್ದಾಗನ ನನ್ನ ಎಬ್ಬಸಬೇಕಿತ್ತು."

"ನೀ ಎದುರಿಗೆ ನಿಂತಿದ್ರ ಅವರಿಗೆ ಹೋಗಾಕ ಆಗತಿದ್ದಿಲ್ಲ," ಅಂದಳು ಅವ್ವ. "ನನಗ ಅವರು ಹೋಗೂದು ಬೇಕಾಗಿತ್ತು."

ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಕಾರಿನ ಬಾಗಿಲ ಸದ್ದಾಯಿತು. ನಿಹಾಲ್ ಒದ್ದೆ ಕೂದಲಿನಲ್ಲೇ ಓಡಿ ಬಂದು, ಅವನಪ್ಪ ಹೇಳಿದ್ದ ಹಾಗೇ, ಎದುರಿಗೆ ನಿಂತು ಮುಖ ನೋಡಿದ.

"ಡ್ಯಾಡ್, ಐ ಸ್ಟೇಯ್ಡ್ ಅಂಡರ್ ವಾಟರ್ ಫಾರ್ ಟೆನ್ ಸೆಕೆಂಡ್ಸ್."

ಸಂಜುವಿಗೆ ಏನು ಮಾಡಬೇಕೆಂದು ನಿಜಕ್ಕೂ ಗೊತ್ತಿರಲಿಲ್ಲ, ಅದು ಕಾಣುತ್ತಿತ್ತು. ಆಮೇಲೆ ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. "ಹೌದಾ? ತೋರಿಸು ನೋಡೋಣ, ಉಸಿರ ಹಿಡಿ," ಅಂದು ಎಣಿಸತೊಡಗಿದ. ಹುಡುಗ ಕೆನ್ನೆ ಉಬ್ಬಿಸಿ ನಿಂತ. ಏಳಕ್ಕೆ ನಗು ಬಂದು ಉಸಿರು ಬಿಟ್ಟ, ಮತ್ತೆ ಮೊದಲಿಂದ ಎಣಿಸಬೇಕಾಯಿತು. ಅನಿತಾ ಬಾಗಿಲಲ್ಲೇ ನಿಂತಿದ್ದಳು. ಸೋಮವಾರ ಅವನು ಆ ಗಣಿಯವರಿಗೆ ಬರುವುದಿಲ್ಲವೆಂದು ಬರೆದು ಕಳಿಸಿದ. ಈಗ ವಾರಕ್ಕೆ ಎರಡು ಸಲ ಅವ್ವನಿಗೆ ಫೋನ್ ಮಾಡುತ್ತಾನೆ, ರೊಟ್ಟಿಗೆ ಎಸರು ಎಷ್ಟು ಎಂದು ಕೇಳುವ ನೆಪ ಸಾಕಾಗುತ್ತದೆ.

ಅವ್ವ ಅಂದು ಮಾಡಿದ್ದು ಸರಿ. ನನಗೂ ಈಗ ಮಗಳಿದ್ದಾಳೆ, ಅವ್ವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವಳು ಆ ಒಂದು ಬೆಳಗ್ಗೆ ಗಟ್ಟಿಯಾಗಿ ನಿಂತು ಹೇಳಿದ ಮಾತು ಸಂಜುವಿಗೆ ತಲುಪಿದ್ದರಿಂದಲೇ ನಿಹಾಲ್‌ಗೆ ಇವತ್ತು ಅಪ್ಪ ಮನೆಯಲ್ಲಿದ್ದಾನೆ. ಇದನ್ನೆಲ್ಲ ಬಲ್ಲೆ, ಅವಳ ಎದುರು ಒಪ್ಪಿಯೂ ಇದ್ದೇನೆ. ಆದರೆ ಅವಳ ಯೂನಿಟ್ಟಿಗೆ ಹೋಗಿ ಮಾತ್ರೆ ಡಬ್ಬಿ ತುಂಬುತ್ತ ಕೂತಾಗ, ಅವಳ ಮುದಿ ಕೈಗಳನ್ನು ನೋಡುತ್ತ, ಗಂಟಲಿನವರೆಗೆ ಬಂದು ನಿಲ್ಲುವ ಮಾತು ಮಾತ್ರ ಬೇರೆ. ಅವರನ್ನು ನಾನು ಬಿಡುತ್ತಿರಲಿಲ್ಲ ಅವ್ವಾ, ನೀನು ನನ್ನನ್ನು ಎಬ್ಬಿಸಬೇಕಿತ್ತು.